ಹಾಸಿಗೆ ಹೋಯಿತು, ಬೆಕ್ಕು ಉಳಿಯಿತು

‘ಶೇಕ್, ರ್‍ಯಾಟಲ್ ಅಂಡ್ ರೋಲ್’ ಹಾಡಿನ ಎರಡು ತಟ್ಟೆಗಳನ್ನು ಒಂದರ ಹಿಂದೊಂದು ಕೇಳಿ. ಮೊದಲನೆಯದು ಅಟ್ಲಾಂಟಿಕ್ ಕಂಪನಿಯ 1026ನೇ ಸಂಖ್ಯೆಯ ತಟ್ಟೆ. ಕಪ್ಪು ಗಾಯಕ ಬಿಗ್ ಜೋ ಟರ್ನರ್ 1954ರ ಫೆಬ್ರವರಿಯಲ್ಲಿ ಹಾಡಿದ್ದು. ಎರಡನೆಯದು ಡೆಕ್ಕಾ 29204. ಅದೇ ವರ್ಷ ಜೂನ್‌ನಲ್ಲಿ ಬಿಳಿ ಗಾಯಕ ಬಿಲ್ ಹೇಲಿ ಹಾಡಿದ್ದು. ಟರ್ನರ್ ಹಾಡಿನ ಗಂಡಸು ಹೆಂಗಸಿಗೆ ಮೊದಲು ಹಾಸಿಗೆ ಬಿಟ್ಟೇಳು ಅನ್ನುತ್ತಾನೆ, ಆಮೇಲೆ ಅಡುಗೆಮನೆಗೆ ಹೋಗು ಅನ್ನುತ್ತಾನೆ. ಹೇಲಿ ಹಾಡಿನಲ್ಲಿ ಹಾಸಿಗೆಯೇ ಇಲ್ಲ, ನೇರ ಅಡುಗೆಮನೆ. ಟರ್ನರ್‌ನಲ್ಲಿ ಬಿಸಿಲು ಅವಳ ಉಡುಪನ್ನು ಹಾಯ್ದು ಮೈ ಕಾಣಿಸುತ್ತದೆ, ಹೇಲಿಯಲ್ಲಿ ಅವಳ ತಲೆಗೂದಲಿನ ಅಲಂಕಾರ ಮಾತ್ರ ಕಾಣುತ್ತದೆ. ಗುಡ್ಡ ದಾಟಿ ಕೆಳಗಿಳಿಯುವ, ಹಲ್ಲು ಕಡಿಯುವ ಚರಣ ಪೂರ್ತಿ ಮಾಯ. ಆದರೆ ಮೀನಿನಂಗಡಿಯೊಳಗೆ ಇಣುಕುವ ಒಕ್ಕಣ್ಣಿನ ಬೆಕ್ಕು ಎರಡರಲ್ಲೂ ಇದೆ. ಇಡೀ ಹಾಡಿನಲ್ಲಿ ಅತ್ಯಂತ ಪೋಲಿಯಾದ ಸಾಲು ಅದೇ: ಬೆಕ್ಕು ಗಂಡಿನ, ಅಂಗಡಿ ಹೆಣ್ಣಿನ ಗುಪ್ತಾಂಗದ ಸೂಚನೆ. ಕತ್ತರಿ ಹಿಡಿದವರಿಗೆ ಅದು ಬರೀ ಬೆಕ್ಕಾಗಿ ಕಂಡಿತು.

ಆ ಕಾಲದ ಅಮೆರಿಕದ ಸೆನ್ಸಾರ್ ಅರ್ಥವನ್ನು ಕತ್ತರಿಸಲಿಲ್ಲ, ಪದಗಳನ್ನು ಕತ್ತರಿಸಿತು. ಯಾವ ಪದ ಉಳಿಯಿತು, ಯಾವುದು ಹೋಯಿತು ಎಂದು ತಿಳಿಯಬೇಕಾದರೆ ದ್ವಂದ್ವಾರ್ಥದ ಹಾಡನ್ನು ಕಟ್ಟುವ ಕಸುಬು ಮೊದಲು ಗೊತ್ತಿರಬೇಕು.

ಆ ಕಸುಬಿನ ಮೊದಲ ನಿಯಮ: ಪ್ರತಿ ಸಾಲೂ ಮೇಲ್ಪದರದ ಅರ್ಥದಲ್ಲಿ ಸಂಪೂರ್ಣ ನಿಜವಾಗಿರಬೇಕು. ಡೈನಾ ವಾಷಿಂಗ್ಟನ್ ಹಾಡಿದ ‘ಲಾಂಗ್ ಜಾನ್ ಬ್ಲೂಸ್’ನಲ್ಲಿ ಇರುವವನು ಹಲ್ಲಿನ ಡಾಕ್ಟರು. ಅವನು ಡ್ರಿಲ್ ಹಿಡಿಯುತ್ತಾನೆ, ಹುಳುಕಿನ ತೂತು ತುಂಬುತ್ತಾನೆ, ನೋವು ಮಾಡುವುದಿಲ್ಲ ಅನ್ನುತ್ತಾನೆ. ಒಂದೊಂದು ಸಾಲನ್ನೂ ಡಾಕ್ಟರರ ಕ್ಲಿನಿಕ್ಕಿನಲ್ಲೇ ಇಟ್ಟು ಸಮರ್ಥಿಸಬಹುದು. ವೈನೋನಿ ಹ್ಯಾರಿಸ್ 1952ರಲ್ಲಿ ಹಾಡಿದ್ದು ಬೆಣ್ಣೆ ಬರುವ ತನಕ ಕಡೆಯುವ ಹಾಡು. ಕಡೆಗೋಲು ಹಿಡಿದ ಯಾರ ಕೆಲಸವೂ ಅದೇ ತಾನೆ. ಆದ್ದರಿಂದಲೇ ಇಂಥ ಹಾಡುಗಳು ಉಪಕರಣ ಬೇಕಾಗುವ, ಒಂದೇ ಚಲನೆ ಮತ್ತೆ ಮತ್ತೆ ಬರುವ ಕಸುಬುಗಳನ್ನೇ ಆರಿಸಿಕೊಳ್ಳುತ್ತವೆ. ಒಂದೇ ಒಂದು ಸಾಲು ಪೋಲಿ ಅರ್ಥದಲ್ಲಿ ಮಾತ್ರ ಹೊಂದುವಂತಾದರೂ ಹಾಡಿನ ರಕ್ಷಣೆ ಕುಸಿಯುತ್ತದೆ.

ಎರಡನೆಯದು ಯತಿ. ನಮ್ಮ ಛಂದಸ್ಸಿನಲ್ಲಿ ಯತಿ ತಪ್ಪಿದರೆ ದೋಷ. ಇಲ್ಲಿ ಬೇಕೆಂದೇ ತಪ್ಪಿಸುತ್ತಾರೆ. ಬುಲ್ ಮೂಸ್ ಜಾಕ್ಸನ್ 1952ರಲ್ಲಿ ಕಿಂಗ್ ಕಂಪನಿಗೆ ಹಾಡಿದ ‘ಬಿಗ್ ಟೆನ್ ಇಂಚ್ ರೆಕಾರ್ಡ್’ ಇದಕ್ಕೆ ಪಾಠದಂತಿದೆ. ಹತ್ತಿಂಚು ಎಂದು ಹೇಳಿ ಗಾಯಕ ನಿಲ್ಲುತ್ತಾರೆ, ವಾದ್ಯಗಳೂ ನಿಲ್ಲುತ್ತವೆ. ಕೇಳುವವರ ತಲೆಯಲ್ಲಿ ಚಿತ್ರ ಮೂಡಿದ ಮೇಲೆ ಮುಂದಿನ ಸಾಲಿನ ಆರಂಭಕ್ಕೆ ‘ರೆಕಾರ್ಡ್’ ಬಂದು ಬೀಳುತ್ತದೆ. 78 ವೇಗದ ತಟ್ಟೆಯ ಅಡ್ಡಳತೆ ನಿಜವಾಗಿಯೂ ಹತ್ತಿಂಚೇ. ಕಾಗದದ ಮೇಲೆ ಓದಿದರೆ ಒಂದು ಪದದ ಮೇಲೂ ಆಕ್ಷೇಪ ಎತ್ತುವಂತಿಲ್ಲ. ಪೋಲಿತನ ಇರುವುದು ಆ ಅರೆಕ್ಷಣದ ಮೌನದಲ್ಲಿ.

ಮೂರನೆಯದು ದನಿ. ಡಾಮಿನೋಸ್ ತಂಡದ ‘ಸಿಕ್ಸ್ಟಿ ಮಿನಿಟ್ ಮ್ಯಾನ್’ 1951ರಲ್ಲಿ ಬಂದದ್ದು, ತಟ್ಟೆ ಫೆಡರಲ್ 12022. ಆ ತಂಡದ ಎತ್ತರದ ದನಿ ಕ್ಲೈಡ್ ಮೆಕ್‌ಫ್ಯಾಟರ್ ಅವರದು, ಪ್ರೇಮಗೀತೆಗಳಿಗೆ ಹೇಳಿ ಮಾಡಿಸಿದ್ದು. ಈ ಹಾಡನ್ನು ಮಾತ್ರ ಮಂದ್ರದ ಬಿಲ್ ಬ್ರೌನ್ ಅವರಿಗೆ ಕೊಟ್ಟರು. ಒಂದು ಗಂಟೆಯನ್ನು ಹದಿನೈದು ಹದಿನೈದು ನಿಮಿಷದ ನಾಲ್ಕು ಪಾಲು ಮಾಡಿ ಒಂದೊಂದು ಪಾಲಿಗೂ ಒಂದೊಂದು ಕೆಲಸ ಹಂಚುವ ಲೆಕ್ಕ ಅದು. ಅದೇ ಸಾಲನ್ನು ಎತ್ತರದ ದನಿಯಲ್ಲಿ ಹಾಡಿದ್ದರೆ ಬೇಡಿಕೆಯಂತೆ ಕೇಳಿಸುತ್ತಿತ್ತು. ಮಂದ್ರದಲ್ಲಿ ಜಂಬ ಕೊಚ್ಚಿಕೊಂಡಂತೆ ಕೇಳಿಸುತ್ತದೆ, ಜಂಬಕ್ಕೆ ಜನ ನಗುತ್ತಾರೆ. ಹಾಡು ಆರ್ ಅಂಡ್ ಬಿ (ರಿದಂ ಅಂಡ್ ಬ್ಲೂಸ್, ಕಪ್ಪು ಜನರ ಸಂಗೀತ) ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ಇತ್ತು. ಬಿಳಿಯರ ಪಾಪ್ ಪಟ್ಟಿಯಲ್ಲೂ 17ನೇ ಸ್ಥಾನಕ್ಕೆ ಏರಿತು. ತೊಂದರೆ ಶುರುವಾದದ್ದು ಆ ಪಟ್ಟಿ ದಾಟಿದ್ದರಿಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಹಾಡುಗಳು 1950ರ ದಶಕದಲ್ಲಿ ಹುಟ್ಟಿದವಲ್ಲ. ಟ್ರಿಕ್ಸಿ ಸ್ಮಿತ್ 1922ರಲ್ಲೇ ‘ರಾಕ್’ ಮತ್ತು ‘ರೋಲ್’ ಎರಡನ್ನೂ ಮಂಚದ ಅರ್ಥದಲ್ಲಿ ಹಾಡಿದ್ದರು. ಬೆಸ್ಸಿ ಸ್ಮಿತ್ ಅವರ ‘ಎಂಪ್ಟಿ ಬೆಡ್ ಬ್ಲೂಸ್’ 1928ರದು. ಆಗ ಇವುಗಳನ್ನು ‘ರೇಸ್ ರೆಕಾರ್ಡ್’ ಎಂಬ ಪ್ರತ್ಯೇಕ ಪಟ್ಟಿಯಲ್ಲಿಟ್ಟು ಕಪ್ಪು ಜನರಿಗೆ ಮಾರುತ್ತಿದ್ದರು, ದೊಡ್ಡ ಗಲಾಟೆ ಆಗಲಿಲ್ಲ. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯ ಹೆಸರನ್ನು ‘ರಿದಂ ಅಂಡ್ ಬ್ಲೂಸ್’ ಎಂದು ಬದಲಿಸಿತು. ಮುಂದಿನ ಐದು ವರ್ಷಗಳಲ್ಲಿ ಬಿಳಿಯರ ಮನೆಯ ಹದಿಹರೆಯದ ಮಕ್ಕಳು ರೇಡಿಯೊ ತಿರುಪಿ ಅದನ್ನೇ ಕೇಳತೊಡಗಿದರು. ಸಾಹಿತ್ಯ ಮೂವತ್ತು ವರ್ಷದಿಂದ ಇದ್ದದ್ದೇ, ಕೇಳುವವರು ಬದಲಾದರು, ಆಗ ಅದು ಅಶ್ಲೀಲವಾಯಿತು. ಈ ಅನ್ಯಾಯವನ್ನು ಬಿಟ್ಟು ಆ ಕಾಲದ ಸೆನ್ಸಾರ್ ಬಗ್ಗೆ ಬರೆದರೆ ಕತೆ ಅರ್ಧವೇ.

ಗಲಾಟೆಯ ನಡುವೆ ನಿಂತದ್ದು ಹ್ಯಾಂಕ್ ಬ್ಯಾಲರ್ಡ್ ಮತ್ತು ಮಿಡ್‌ನೈಟರ್ಸ್ ತಂಡದ ‘ವರ್ಕ್ ವಿತ್ ಮಿ, ಆ್ಯನಿ’. 1954ರಲ್ಲಿ ಬಂದು ಆರ್ ಅಂಡ್ ಬಿ ಪಟ್ಟಿಯ ತುದಿಯಲ್ಲಿ 7 ವಾರ ಕೂತಿತು. ಕಸುಬಿನ ಕಣ್ಣಿನಿಂದ ನೋಡಿದರೆ ಇದರ ದೌರ್ಬಲ್ಯ ತಕ್ಷಣ ಕಾಣುತ್ತದೆ. ಇಲ್ಲಿ ಹಲ್ಲಿನ ಡಾಕ್ಟರಿಲ್ಲ, ಕಡೆಗೋಲಿಲ್ಲ. ‘ವರ್ಕ್’ ಎಂಬ ಒಂದೇ ತೆಳು ಪರದೆ. ಅದೇ ವರ್ಷ ‘ಆ್ಯನಿ ಹ್ಯಾಡ್ ಎ ಬೇಬಿ’ ಎಂಬ ಮುಂದುವರಿಕೆ ಬಂದು ಆ ಪರದೆಯನ್ನೂ ಕಿತ್ತುಹಾಕಿತು. ಕೆಲಸ ಯಾವುದು ಎಂದು ಕೂಸೇ ಸಾಕ್ಷಿ ಹೇಳಿತು.

ರೇಡಿಯೊಗಳು ಹೆದರಿದ್ದಕ್ಕೆ ಕಾರಣ ಕಾನೂನಿನ ರಚನೆಯಲ್ಲಿದೆ. ಪ್ರಸಾರ ಆಯೋಗ ಎಫ್‌ಸಿಸಿಗೆ ಕಾರ್ಯಕ್ರಮಗಳನ್ನು ಸೆನ್ಸಾರ್ ಮಾಡುವ ಅಧಿಕಾರ ಇರಲಿಲ್ಲ. ಆದರೆ ಅಶ್ಲೀಲ ಪ್ರಸಾರ ಅಪರಾಧವಾಗಿತ್ತು, ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಿಕೊಳ್ಳಬೇಕಿತ್ತು. ಯಾವ ಪದ ಅಶ್ಲೀಲ ಎಂದು ಯಾರೂ ಬರೆದು ಕೊಡುತ್ತಿರಲಿಲ್ಲ. ಹಾಗಾಗಿ ಮಾಲೀಕರು ಸಂಶಯ ಬಂದ ತಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟರು. ಮೆಂಫಿಸ್‌ನ ಡಬ್ಲ್ಯುಡಿಐಎ ಕೇಂದ್ರ ಪೂರ್ತಿ ಕಪ್ಪು ಕೇಳುಗರಿಗಾಗಿಯೇ ನಡೆಯುತ್ತಿದ್ದದ್ದು. ಅದೂ 1954ರಲ್ಲಿ ಸೂಚ್ಯ ಸಾಹಿತ್ಯದ ತಟ್ಟೆಗಳನ್ನು ನಿಲ್ಲಿಸಿತು. ತಟ್ಟೆ ಸಾಗಿಸುವ ದಾರಿಯಲ್ಲೂ ತಡೆ ಇತ್ತು. ಅಶ್ಲೀಲ ಪುಸ್ತಕ, ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದೆಂಬ ಕಾಯ್ದೆ ಗ್ರಾಮೊಫೋನ್ ತಟ್ಟೆಗೂ ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1950ರ ಆಲ್ಪರ್ಸ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. 1954ರಲ್ಲಿ ಮಿಶಿಗನ್‌ನ ಸಂಸದೆ ರೂತ್ ಥಾಂಪ್ಸನ್ ಅಂಚೆಯಲ್ಲೂ ಅಂಥ ತಟ್ಟೆ ಹೋಗಬಾರದೆಂದು ಮಸೂದೆ ತಂದರು. 1955ರ ಫೆಬ್ರವರಿಯಲ್ಲಿ ವೆರೈಟಿ ಪತ್ರಿಕೆ ಉದ್ಯಮಕ್ಕೆ ಎಚ್ಚರಿಕೆ ಬರೆಯುತ್ತ ‘ಲಿರಿಕ್ಸ್’ ಎಂಬುದನ್ನು ‘ಲಿಯರ್-ಇಕ್ಸ್’ ಎಂದು ತಿರುಚಿತು. ‘ಲಿಯರ್’ ಎಂದರೆ ಕಾಮದ ಓರೆನೋಟ.

ಇನ್ನು ತೊಳೆದು ಮಾರುವ ದಾರಿ. 1909ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಹಾಡೊಂದು ಒಮ್ಮೆ ತಟ್ಟೆಯಾಗಿ ಬಂದ ಮೇಲೆ ತಟ್ಟೆಗೆ 2 ಸೆಂಟ್ ಕೊಟ್ಟು ಯಾರು ಬೇಕಾದರೂ ಅದನ್ನು ಮತ್ತೆ ಹಾಡಿಸಬಹುದಿತ್ತು. ಆ ದುಡ್ಡು ಹಾಡಿನ ಹಕ್ಕುದಾರರಿಗೆ. ಮೊದಲು ಹಾಡಿದವರಿಗೆ, ವಾದ್ಯಸಂಯೋಜನೆ ಮಾಡಿದವರಿಗೆ ಕವಡೆಯೂ ಇಲ್ಲ. ಆ್ಯನಿಗೆ ಉತ್ತರವಾಗಿ 16ರ ಹುಡುಗಿ ಎಟ್ಟಾ ಜೇಮ್ಸ್ ‘ರೋಲ್ ವಿತ್ ಮಿ, ಹೆನ್ರಿ’ ಹಾಡಿದರು. ‘ರೋಲ್’ ಪದ ಕಣ್ಣಿಗೆ ಬೀಳಬಾರದೆಂದು ಮಾಡರ್ನ್ ಕಂಪನಿ ಲೇಬಲ್ ಮೇಲೆ ‘ದಿ ವಾಲ್‌ಫ್ಲವರ್’ ಎಂದು ಅಚ್ಚು ಹಾಕಿತು. 1955ರಲ್ಲೇ ಬಿಳಿ ಗಾಯಕಿ ಜಾರ್ಜಿಯಾ ಗಿಬ್ಸ್ ‘ರೋಲ್’ ಇದ್ದಲ್ಲೆಲ್ಲ ‘ಡಾನ್ಸ್’ ಇಟ್ಟು ಮರ್ಕ್ಯುರಿ ಕಂಪನಿಗೆ ಹಾಡಿದರು. ಅದು ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ) ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಸೆನ್ಸಾರ್ ಬರೀ ನೀತಿಯ ಮಾತಾಗಿರಲಿಲ್ಲ, ಮೂಲ ತಟ್ಟೆಯನ್ನು ರೇಡಿಯೊದಿಂದ ದೂರವಿಟ್ಟು ಕವರ್ ತಟ್ಟೆಗೆ, ಅಂದರೆ ಬೇರೆಯವರು ಮತ್ತೆ ಹಾಡಿದ ತಟ್ಟೆಗೆ, ಮಾರುಕಟ್ಟೆ ಬಿಡಿಸಿಕೊಟ್ಟದ್ದೂ ಅದೇ.

ಕೆಲವೊಮ್ಮೆ ಸ್ಟುಡಿಯೊದಲ್ಲೇ ತೊಳೆಯುತ್ತಿದ್ದರು. 1955ರ ಸೆಪ್ಟೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನ ಕೊಸಿಮೊ ಮಟಾಸಾ ಅವರ ಸ್ಟುಡಿಯೊದಲ್ಲಿ ಲಿಟ್ಲ್ ರಿಚರ್ಡ್ ಅವರ ‘ಟುಟಿ ಫ್ರುಟಿ’ ಧ್ವನಿಮುದ್ರಣವಾಯಿತು. ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಮೂಲ ಸಾಹಿತ್ಯ ತಟ್ಟೆಗೆ ಬರುವಂಥದ್ದಾಗಿರಲಿಲ್ಲ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಸ್ಥಳೀಯ ಗೀತರಚನೆಕಾರ್ತಿ ಡೊರೊತಿ ಲಬೋಸ್ಟ್ರಿ ಅವರಿಂದ ಹೊಸ ಸಾಲು ಬರೆಸಿದರು. ಆದರೆ ಪಿಯಾನೊದ ಹೊಡೆತ, ಕೂಗು, ಉಸಿರು ಹಳೆಯವೇ. ಪದ ತೊಳೆದರೂ ಹಾಡು ತೊಳೆದಂತಾಗಲಿಲ್ಲ, ಅದು ಬದುಕಿದ್ದೂ ಆ ಕಾರಣಕ್ಕೆ. ಬಿಳಿ ಗಾಯಕ ಪ್ಯಾಟ್ ಬೂನ್ 1956ರಲ್ಲಿ ಅದನ್ನೇ ಹಾಡಿ ಪಾಪ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಹೋದರು, ರಿಚರ್ಡ್ ಅದಕ್ಕಿಂತ ಕೆಳಗುಳಿದರು. ಎರಡನ್ನೂ ಕೇಳಿದವರು ಮತ್ತೆ ಹಾಕುವುದು ಯಾವ ತಟ್ಟೆ ಎಂದು ಹೇಳಬೇಕಾಗಿಲ್ಲ.

ಈ ಹಾಡುಗಳನ್ನು ಅಭ್ಯಾಸ ಮಾಡುವವರು ಹೆಚ್ಚಾಗಿ ಎಡವುವುದು ಸಾಹಿತ್ಯವನ್ನು ಇಂಟರ್ನೆಟ್‌ನಿಂದ ತೆಗೆದುಕೊಂಡಾಗ. ಮೂಲ ಮತ್ತು ಕವರ್ ಸಾಲುಗಳು ಅಲ್ಲಿ ಕಲಸಿಹೋಗಿರುತ್ತವೆ. ತಟ್ಟೆಯ ಸಂಖ್ಯೆ ನೋಡಿ ಆ ಮುದ್ರಣವನ್ನೇ ಕೇಳಿ, ಕಿವಿಯಿಂದ ಬರೆದುಕೊಳ್ಳಿ, ನಿಲ್ಲಿಸಿದ ಜಾಗಗಳನ್ನು ಗುರುತು ಹಾಕಿ, ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಬದಲಾಗುವುದು ಬಹುಪಾಲು ಕ್ರಿಯಾಪದವೇ. ಎಲ್ಲ ‘ರಾಕ್’ ಪದವೂ ಪೋಲಿಯಲ್ಲ, ಕಪ್ಪು ಜನರ ಚರ್ಚಿನ ಹಾಡಿನಲ್ಲೂ ಆತ್ಮವನ್ನು ತೂಗುವ ‘ರಾಕ್’ ಇದೆ. ಇನ್ನೊಂದು ಎಚ್ಚರಿಕೆ: ಲೂಸಿಲ್ ಬೋಗನ್ ಅವರ 1935ರ ‘ಶೇವ್ ಎಮ್ ಡ್ರೈ’ ಹಾಡಿನ ಅತಿ ಹಸಿ ರೂಪವನ್ನು ಆ ಕಾಲದ ಮಾದರಿಯೆಂದು ಉದಾಹರಿಸುತ್ತಾರೆ. ಆ ಮುದ್ರಣ ಆಗ ಅಂಗಡಿಗೆ ಬಂದದ್ದೇ ಅಲ್ಲ.

ಎಟ್ಟಾ ಜೇಮ್ಸ್ ತಟ್ಟೆಯಲ್ಲಿ ಹೆನ್ರಿಯಾಗಿ ಮಾತಾಡುವ ಗಂಡು ದನಿ ರಿಚರ್ಡ್ ಬೆರ್ರಿ ಅವರದು. 1957ರಲ್ಲಿ ಅವರು ‘ಲೂಯಿ ಲೂಯಿ’ ಎಂಬ ಹಾಡು ಮಾಡಿದರು. 1963ರಲ್ಲಿ ಕಿಂಗ್ಸ್‌ಮೆನ್ ತಂಡ ಅದನ್ನು ಪದ ನುಂಗಿ ನುಂಗಿ ಹಾಡಿದಾಗ ಒಳಗೆ ಏನೋ ಕೊಳಕಿದೆ ಎಂದು ದೂರುಗಳು ಹೋದವು. ಎಫ್‌ಬಿಐ ತಟ್ಟೆಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿತು, ಯಾವ ವೇಗದಲ್ಲೂ ಪದ ತಿಳಿಯುವುದಿಲ್ಲ ಎಂದು ತೀರ್ಮಾನಿಸಿತು. ಬೆರ್ರಿಯವರ ಮೂಲ ತಟ್ಟೆಯಲ್ಲಿ ಪ್ರತಿ ಪದವೂ ಸ್ಪಷ್ಟ: ಜಮೈಕಾದಲ್ಲಿರುವ ಹುಡುಗಿಯ ನೆನಪಾಗಿ ನಾನಿನ್ನು ಹೊರಡಬೇಕು ಎಂದು ನಾವಿಕನೊಬ್ಬ ಬಾರಿನವನಿಗೆ ಹೇಳುತ್ತಿದ್ದಾನೆ.