ಅಮ್ಮನ ಬೀರು ಖಾಲಿ ಮಾಡುವುದು ಹೇಗೆ?

ಪ್ರಶ್ನೆ: ಅಮ್ಮ ಹೋಗಿ ಎರಡು ವರ್ಷವಾಯಿತು. ದಾವಣಗೆರೆಯ ಮನೆಯನ್ನು ಬಾಡಿಗೆಗೆ ಕೊಡಬೇಕು. ಅಟ್ಟದ ತುಂಬ ಪಾತ್ರೆ, ಬೀರು ತುಂಬ ಸೀರೆ, ಟ್ರಂಕಿನ ತುಂಬ ಕಾಗದ. ಹೋದಾಗಲೆಲ್ಲ ಬೀರು ತೆಗೆದು, ಅತ್ತು, ಮುಚ್ಚಿ ಬರುತ್ತೇನೆ. ಇವನ್ನೆಲ್ಲ ಕೊಟ್ಟುಬಿಟ್ಟರೆ ಅಮ್ಮನನ್ನೇ ಕೊಟ್ಟ ಹಾಗೆ ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೀರುವಿನಿಂದಂತೂ ಬೇಡ. ಅದು ಕೊನೆಗೆ ತೆಗೆಯಬೇಕಾದ ಬಾಗಿಲು. ನನ್ನ ತಾಯಿಯ ಮನೆ ಖಾಲಿ ಮಾಡುವಾಗ ನಾನೂ ಮೊದಲು ಸೀರೆಗಳ ಮುಂದೆಯೇ ಕೂತಿದ್ದೆ. ಸಂಜೆಯಾದರೂ ಒಂದು ಸೀರೆಯೂ ಜಾಗ ಬಿಟ್ಟು ಕದಲಿರಲಿಲ್ಲ. ಮರುದಿನ ಬಚ್ಚಲಮನೆಗೆ ಹೋದೆ. ಒಡೆದ ಬಕೆಟ್ಟು, ಹಿಡಿ ಮುರಿದ ಚೊಂಬು, ಅವಧಿ ಮುಗಿದ ಮಾತ್ರೆಗಳು, ಸುಟ್ಟುಹೋದ ಮಿಕ್ಸಿ. ಇವುಗಳಲ್ಲಿ ಅಮ್ಮ ಎಲ್ಲೂ ಇರಲಿಲ್ಲ. ಮಧ್ಯಾಹ್ನದೊಳಗೆ ಗುಜರಿಯವನ ಗಾಡಿ ತುಂಬಿತು, ಕೈಗೂ ಸ್ವಲ್ಪ ಧೈರ್ಯ ಬಂತು. ಮಿಕ್ಸಿ, ಟಿವಿ, ಹಳೆ ಮೊಬೈಲನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಕೆಲಸ ಶುರುಮಾಡುವ ಮೊದಲು ಒಡಹುಟ್ಟಿದವರನ್ನು ಕೇಳಿ. ದೂರದಲ್ಲಿದ್ದರೆ ವಿಡಿಯೋ ಕಾಲ್ ಮಾಡಿ, ಒಂದೊಂದು ಕೋಣೆಯನ್ನೂ ತೋರಿಸಿ, ಯಾರಿಗೆ ಯಾವುದರ ಮೇಲೆ ಜೀವ ಅಂತ ಬರೆದಿಟ್ಟುಕೊಳ್ಳಿ. ಚಿನ್ನವನ್ನು ಈ ಲೆಕ್ಕದಿಂದ ಹೊರಗಿಡಿ. ಉಯಿಲು ಬರೆಯದೆ ಹೋದ ಹಿಂದೂ ಹೆಣ್ಣುಮಗಳ ಸ್ವತ್ತಿನಲ್ಲಿ ಗಂಡನಿಗೂ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲಿದೆ, 1956ರ ಉತ್ತರಾಧಿಕಾರ ಕಾಯ್ದೆ ಹೇಳುವುದು ಅದನ್ನೇ. ಮನಸ್ತಾಪ ಹೆಚ್ಚಾಗಿ ಹುಟ್ಟುವುದು ಚಿನ್ನದಿಂದಲೂ ಅಲ್ಲ, "ಆ ಉಪ್ಪಿನಕಾಯಿ ಜಾಡಿ ನನಗೆ ಬೇಕಿತ್ತು, ಒಂದು ಮಾತು ಕೇಳಲಿಲ್ಲ" ಅನ್ನುವುದರಿಂದ.

ಆಮೇಲೆ ಟ್ರಂಕು. ಇಲ್ಲಿ ಆತುರ ಬೇಡ. ಕರೆಂಟು ಬಿಲ್ಲು, ಹಳೆ ಲಗ್ನಪತ್ರಿಕೆ ಹೋಗಲಿ. ಆದರೆ ಕ್ರಯಪತ್ರ, ಖಾತೆ, ಪಹಣಿ, ವಿಮಾ ಪಾಲಿಸಿ, ಅಂಚೆ ಕಚೇರಿಯ ಉಳಿತಾಯ ಪತ್ರ, ಕಾಗದದ ಷೇರು ಸರ್ಟಿಫಿಕೇಟು, ಎಷ್ಟೇ ಹಳತಾದರೂ ಬ್ಯಾಂಕಿನ ಪಾಸ್‌ಬುಕ್ಕು, ಇವುಗಳಲ್ಲಿ ಒಂದನ್ನೂ ಬಿಸಾಡಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಕಳಿಸುತ್ತದೆ, ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಇಂಥ ಖಾತೆಗಳನ್ನು ಹೆಸರಿನ ಮೇಲೆ ಹುಡುಕಲು 2023ರಲ್ಲಿ ರಿಸರ್ವ್ ಬ್ಯಾಂಕೇ ಉದ್ಗಮ್ ಎಂಬ ಪೋರ್ಟಲ್ ತೆರೆದಿದೆ. ಕಾಗದದ ಷೇರುಗಳನ್ನು 2019ರ ಏಪ್ರಿಲ್‌ನಿಂದ ಮಾರುವ ಹಾಗಿಲ್ಲ ನಿಜ, ಆದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬಹುದು. ನಮ್ಮ ತಾಯಂದಿರು ಅಪ್ಪನಿಗೂ ಹೇಳದೆ ಐನೂರು, ಸಾವಿರ ಕೂಡಿಟ್ಟವರು. ಪ್ರತಿ ಪುಸ್ತಕದ ನಡುವೆಯೂ ನೋಡಿ, ಸೀರೆಯ ಮಡಿಕೆಯಲ್ಲೂ ನೋಡಿ.

ಇನ್ನು ಪಾತ್ರೆ. ಅಟ್ಟದ ಪಾತ್ರೆಗಳನ್ನು ಕೆಳಗಿಳಿಸಿದಾಗ ಒಂದು ಸಂಗತಿ ಗಮನಿಸಿ: ಅವುಗಳಲ್ಲಿ ಮುಕ್ಕಾಲು ಪಾಲನ್ನು ಅಮ್ಮನೂ ಬಳಸಿರುವುದಿಲ್ಲ. "ಇಂಥವರ ಮದುವೆಯ ನೆನಪಿಗೆ" ಅಂತ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ, ಗೃಹಪ್ರವೇಶಕ್ಕೆ ಬಂದ ಆರಾರು ಲೋಟ, ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇರುವ ಕುಕ್ಕರು. ಅಮ್ಮ ಇವನ್ನು ಪ್ರೀತಿಯಿಂದ ಇಟ್ಟುಕೊಂಡದ್ದಲ್ಲ, ಮುಂದೆಂದೋ ಬೇಕಾಗುತ್ತದೆ ಅಂತ ಮೇಲೆ ಸರಿಸಿದ್ದು. ಅವರ ಕೈ ಇರುವುದು ದಿನಾ ಒಲೆ ಮೇಲಿದ್ದ ನಾಲ್ಕು ಪಾತ್ರೆಗಳಲ್ಲಿ: ತಳ ಸವೆದ ಸಾರಿನ ಬೋಗುಣಿ, ಹಿಡಿ ಬಿಗಿಮಾಡಿ ಬಿಗಿಮಾಡಿ ಬಳಸಿದ ಒಗ್ಗರಣೆ ಸೌಟು, ಮಸಾಲೆ ಡಬ್ಬಿ. ಇವನ್ನು ನಿಮ್ಮ ಮನೆಗೆ ಒಯ್ದು ನಾಳೆಯಿಂದಲೇ ಬಳಸಿ.

ಹಿತ್ತಾಳೆ ಕೊಳಗ, ತಾಮ್ರದ ಹಂಡೆಯ ವಿಷಯದಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಕಲಾಯಿ ಹಾಕಿಸುತ್ತೀರಾ? ಒಳಗೆ ತವರದ ಲೇಪವಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಅಡುಗೆಗೇ ಇಳಿಯುತ್ತದೆ. ಕಲಾಯಿಯವರು ಈಗ ಬೀದಿಗೆ ಬರುವುದು ಅಪರೂಪ, ಹುಡುಕಿಕೊಂಡು ಹೋಗಬೇಕು. ಹೋಗುವ ಮನಸ್ಸಿದ್ದರೆ ಒಂದನ್ನು ಇಟ್ಟುಕೊಳ್ಳಿ. ದೊಡ್ಡವು ಊರ ದೇವಸ್ಥಾನದ ಅಡುಗೆಮನೆಗೋ ಮಠದ ದಾಸೋಹಕ್ಕೋ ಬೇಕೇ ಅಂತ ವಿಚಾರಿಸಿ. ಕೊಡುವಾಗ ಅಮ್ಮನ ಹೆಸರು ಕೆತ್ತಿದ್ದರೆ ಹಾಗೇ ಇರಲಿ, ಅದನ್ನು ಅಳಿಸಲು ಹೋಗಬೇಡಿ.

ಈಗ ಬೀರು. ಮಡಿಸಿಟ್ಟರೆ ಸೀರೆ ಉಳಿಯುತ್ತದೆ ಅನ್ನುವುದು ನಮ್ಮೆಲ್ಲರ ನಂಬಿಕೆ. ಉಳಿಯುವುದಿಲ್ಲ. ರೇಷ್ಮೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ, ಜರಿ ಕಪ್ಪಾಗುತ್ತದೆ, ತೇವ ತಗುಲಿದರೆ ಬೂಷ್ಟು. ಎರಡು ವರ್ಷದಿಂದ ನೀವು ಮುಚ್ಚಿಟ್ಟಿರುವ ಬಾಗಿಲ ಹಿಂದೆ ಇದು ನಡೆಯುತ್ತಲೇ ಇದೆ. ಈ ಮಾತು ನೋಯಿಸಬಹುದು, ಆದರೂ ಹೇಳಬೇಕು: ಕೊಡದೆ ಇಟ್ಟುಕೊಂಡರೂ ಸೀರೆ ನಿಮ್ಮ ಕೈಬಿಟ್ಟು ಹೋಗುತ್ತಿದೆ.

ಹಾಗಾಗಿ ಎಲ್ಲವನ್ನೂ ಹಾಸಿಗೆಯ ಮೇಲೆ ಬಿಚ್ಚಿ ಹರಡಿ. ಉಡುವಂತಿರುವ ರೇಷ್ಮೆ ಸೀರೆಗಳನ್ನು ಮಗಳು, ಸೊಸೆ, ಅಕ್ಕತಂಗಿಯರು, ಅಮ್ಮನ ಗೆಳತಿಯರು ಆರಿಸಿಕೊಳ್ಳಲಿ. ಸೆರಗು ಗಟ್ಟಿ ಇದ್ದು ಮೈ ಹರಿದಿದ್ದರೆ ಮೊಮ್ಮಗಳಿಗೆ ಲಂಗವಾಗುತ್ತದೆ. ತೀರಾ ಜೀರ್ಣವಾದ ಹಳೆಯ ಜರಿ ಸೀರೆಯಿದ್ದರೆ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ನೂಲು ಕಂಡರೆ ಅದು ಸಾಮಾನ್ಯವಾಗಿ ಅಸಲಿ ಜರಿ, ಅಂದರೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಮಾರುವುದಾದರೆ ಎರಡು ಮೂರು ಕಡೆ ಬೆಲೆ ಕೇಳಿ, ಸ್ಟೀಲ್ ಪಾತ್ರೆಗೆ ಬದಲಾಗಿ ಬಾಗಿಲಲ್ಲೇ ಕೊಟ್ಟುಬಿಡಬೇಡಿ.

ನನ್ನ ಮಟ್ಟಿಗೆ ಬೀರುವಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಯಾರೂ ಕೇಳದ ಕೆಳಗಿನ ಅರೆಯಲ್ಲಿರುತ್ತದೆ: ಮನೆಯಲ್ಲಿ ಉಟ್ಟು ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಗಳು. ಅಮ್ಮ ಇದ್ದದ್ದು ಅವುಗಳಲ್ಲಿ. ಮದುವೆಗೆ ಉಟ್ಟ ರೇಷ್ಮೆಯಲ್ಲಿ ಅವರನ್ನು ನೀವು ಎಷ್ಟು ಗಂಟೆ ನೋಡಿರಬಹುದು? ನಮ್ಮಲ್ಲಿ ಹುಟ್ಟಿದ ಕೂಸನ್ನು ಸುತ್ತುವುದು ಇಂಥದೇ ಸೀರೆಯಲ್ಲಿ, ಜೋಲಿ ಕಟ್ಟುವುದೂ ಇದರಲ್ಲೇ. ಮನೆಯಲ್ಲಿ ಬಸುರಿಯರಿದ್ದರೆ ಎರಡು ಸೀರೆ ಅವರಿಗೆ ತೆಗೆದಿಡಿ. ಉಳಿದವನ್ನು ಕೌದಿ ಹೊಲಿಸಿ. ಉತ್ತರ ಕರ್ನಾಟಕದ ಊರುಗಳಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಶುರುಮಾಡಿ, ಸುತ್ತಲೂ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅಮ್ಮನ ಸೀರೆಯ ಕೌದಿ ಹೊದ್ದು ಮಲಗಿದ ಮೊದಲ ರಾತ್ರಿ ನನಗೆ ಬಂದಂಥ ನಿದ್ದೆ ಆ ವರ್ಷದಲ್ಲೇ ಬಂದಿರಲಿಲ್ಲ.

ಒಂದು ಸೀರೆಯನ್ನು ಮಾತ್ರ ಒಗೆಯದೆ, ಹೊಲಿಸದೆ, ಹಾಗೇ ಇಟ್ಟುಕೊಳ್ಳಿ. ಯಾವುದು ಅಂತ ನಿಮ್ಮ ಮೂಗಿಗೆ ಗೊತ್ತಾಗುತ್ತದೆ.

ಮಿಕ್ಕ ಒಳ್ಳೆಯ ಬಟ್ಟೆಗಳನ್ನು ಗೂಂಜ್‌ನಂಥ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ಹಳೆಯ ಹತ್ತಿ ಬಟ್ಟೆಯಿಂದ ಅವರು ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡ್ ಮಾಡುತ್ತಾರೆ. ಒಗೆದು, ಮಡಿಸಿ ಕೊಡಿ. ನಿಮ್ಮ ಮನೆಗೆ ಬಂದವರ ಕೈಗೆ ಕೊಡಲು ನಾಚುವಂಥದ್ದನ್ನು ದಾನವೆಂದು ಯಾರಿಗೂ ಕೊಡಬೇಡಿ.

ಕೊಟ್ಟರೆ ಅಮ್ಮನನ್ನೇ ಕೊಟ್ಟ ಹಾಗೆ ಅಂದಿರಿ. ಅವರ ಬೀರುವಿನಲ್ಲಿ ಹೊಲಿಸದ ರವಿಕೆ ಕಣಗಳ ಒಂದು ಗಂಟು ಖಂಡಿತ ಇರುತ್ತದೆ. ಅರಿಶಿನ ಕುಂಕುಮಕ್ಕೆ ಹೋದಾಗ ಬಂದವು, ಮನೆಗೆ ಬಂದವರಿಗೆ ಎಲೆ ಅಡಿಕೆ ಜೊತೆ ಕೊಡಲು ಇಟ್ಟವು. ಅಲ್ಲಿಂದ ಬಂದದ್ದು ಇಲ್ಲಿಗೆ, ಇಲ್ಲಿಂದ ಮತ್ತೊಬ್ಬರಿಗೆ, ಅಮ್ಮ ಜೀವಮಾನವಿಡೀ ಹೀಗೆ ಕೊಡುತ್ತಲೇ ಇದ್ದವರು. ಪಕ್ಕದ ಮನೆಯಿಂದ ಪಲ್ಯ ಬಂದ ಡಬ್ಬಿಯನ್ನು ಖಾಲಿಯಾಗಿ ವಾಪಸು ಕಳಿಸಿದವರೂ ಅಲ್ಲ. ಆ ಓಣಿಯವರಿಗೆ ಅಮ್ಮನ ಡಬ್ಬಿಗಳನ್ನು ಹಂಚುವಾಗ ನೀವೂ ಖಾಲಿ ಕೊಡಬೇಡಿ. ಒಳಗೊಂದು ಹಿಡಿ ಸಕ್ಕರೆಯೋ ಒಂದು ಅಚ್ಚು ಬೆಲ್ಲವೋ ಇರಲಿ.