ಸ್ಮಾರ್ಟ್ ಮೀಟರ್: ಕೇಂದ್ರ ಕಣ್ಣಿಟ್ಟಿದ್ದು ಯಾವುದರ ಮೇಲೆ?

2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿ. ಹಬ್ಬದ ಸಂಜೆ ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟು ಹೋಯಿತು. ಎಲ್ಲವೂ ಸ್ಮಾರ್ಟ್ ಮೀಟರ್, ಅಂದರೆ ದೂರದಿಂದಲೇ ರೀಡಿಂಗ್ ಪಡೆದು ಕರೆಂಟು ಕಡಿಯಬಲ್ಲ ಮೀಟರ್ ಇದ್ದ ಮನೆಗಳೇ. ಬಿಲ್ ಬಾಕಿ ಇಲ್ಲದವರೂ ಕತ್ತಲಲ್ಲಿ ಕೂತರು. ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಿ, ಹೊಸ ಮೀಟರ್ ಹಾಕುವುದನ್ನೇ ನಿಲ್ಲಿಸಿತು.

ಆ ಮೀಟರ್‌ಗಳು ಬಂದದ್ದು ಕೇಂದ್ರದ ಸಂಸ್ಥೆ ಇಇಎಸ್‌ಎಲ್ ಮೂಲಕ. ಒಟ್ಟಿಗೆ ಕೊಂಡರೆ ಅಗ್ಗವಾಗುತ್ತದೆ ಎಂದು ಅದು 2017ರಲ್ಲಿ 50 ಲಕ್ಷ ಮೀಟರ್‌ಗೆ ಟೆಂಡರ್ ಕರೆದಿತ್ತು. 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್, ಮೂರು ವರ್ಷದಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್‌ಗೆ ಬದಲಾಗುವಂತೆ ರಾಜ್ಯಗಳನ್ನು ಕೇಳಿದರು. ಕಾರಣ ಸಣ್ಣದೇನಲ್ಲ. ಆಗ ದೇಶದಲ್ಲಿ ನೂರು ಯೂನಿಟ್ ಕರೆಂಟಿನಲ್ಲಿ 20ಕ್ಕೂ ಜಾಸ್ತಿ ಯೂನಿಟ್‌ಗೆ ವಿತರಣಾ ಕಂಪನಿಗಳಿಗೆ ಹಣವೇ ಬರುತ್ತಿರಲಿಲ್ಲ.

2021ರಲ್ಲಿ ವಿತರಣಾ ಕಂಪನಿಗಳನ್ನು ಸುಧಾರಿಸಲು ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆ ಬಂತು. ಒಟ್ಟು ಗಾತ್ರ 3.03 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಒಳಗೆ 25 ಕೋಟಿ ಮೀಟರ್ ಹಾಕುವ ಗುರಿ. ಮೊದಲ ಬಂಡವಾಳ ಖಾಸಗಿ ಗುತ್ತಿಗೆದಾರರದ್ದು. ವಿತರಣಾ ಕಂಪನಿ ಅವರಿಗೆ ಮೀಟರ್ ಲೆಕ್ಕದಲ್ಲಿ ವರ್ಷಗಟ್ಟಲೆ ಹಣ ಕಟ್ಟಬೇಕು. ವಿಶೇಷ ವರ್ಗದವನ್ನು ಬಿಟ್ಟು ಉಳಿದ ರಾಜ್ಯಗಳಿಗೆ ಕೇಂದ್ರದ ನೆರವು ಮೀಟರಿಗೆ ಹೆಚ್ಚೆಂದರೆ 900 ರೂಪಾಯಿ, ಅದೂ ಪ್ರೀಪೇಯ್ಡ್ ಆದರೆ ಮಾತ್ರ. 2023ರ ಡಿಸೆಂಬರ್ ಒಳಗೆ ಹಾಕಿದರೆ ಇನ್ನಷ್ಟು ಪ್ರೋತ್ಸಾಹಧನ.

ನನ್ನ ತಕರಾರು ಇರುವುದು ಇಲ್ಲೇ. ಎಷ್ಟು ಮೀಟರ್ ಹಾಕಿದಿರಿ, ಎಷ್ಟು ಬೇಗ ಹಾಕಿದಿರಿ ಎಂಬುದಕ್ಕೆ ದುಡ್ಡು ಕಟ್ಟಿದರು. ಮೀಟರ್ ಸರಿಯಾಗಿ ಓಡುತ್ತಿದೆಯಾ ಎಂದು ಮನೆಯವರು ಇನ್ನೊಂದು ಮೀಟರ್ ಜೊತೆ ತಾಳೆ ನೋಡುವ ದಾರಿ ತಡವಾಗಿ ಬಂತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಪ್ರಕಾರ, ಗ್ರಾಹಕ ರೀಡಿಂಗ್ ಬಗ್ಗೆ ದೂರು ಕೊಟ್ಟರೆ ಐದು ದಿನದಲ್ಲಿ ಪಕ್ಕದಲ್ಲೊಂದು ಚೆಕ್ ಮೀಟರ್ ಹಾಕಬೇಕು, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಇದು ಮೊದಲ ದಿನದಿಂದಲೇ ಇರಬೇಕಿತ್ತು, ಅಲ್ವಾ?

ನಿಯಮ ಬಂದ ಮೂರೇ ತಿಂಗಳಿಗೆ ವಡೋದರಾದಲ್ಲಿ ಜನ ಬೀದಿಗಿಳಿದರು. ರೀಚಾರ್ಜ್ ಮಾಡಿದ ಹಣ ಬೇಗ ಖಾಲಿಯಾಗುತ್ತಿದೆ ಎಂಬುದು ಅವರ ದೂರು. ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ಆಗ ಉಪಮುಖ್ಯಮಂತ್ರಿಯಾಗಿ ಇಂಧನ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ದೇವೇಂದ್ರ ಫಡಣವೀಸ್, ಸಾಮಾನ್ಯ ಗ್ರಾಹಕರಿಗೆ ಪ್ರೀಪೇಯ್ಡ್ ಮೀಟರ್ ಹಾಕುವುದಿಲ್ಲ ಎಂದರು. 2025ರ ಮಾರ್ಚ್ ಬಂದಾಗ 25 ಕೋಟಿಯ ಕಾಲು ಭಾಗವೂ ಆಗಿರಲಿಲ್ಲ. ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು.

ಕರ್ನಾಟಕ ಈ ಯೋಜನೆಯಲ್ಲಿ ಮೀಟರ್ ಹಾಕಿಸಲಿಲ್ಲ. ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಬೆಲೆ ಗ್ರಾಹಕರ ಮೇಲೆಯೇ ಬಿತ್ತು, ದರದ ಬಗ್ಗೆ ಜಗಳ ಶುರುವಾಯಿತು. ಕೇಂದ್ರವಿರಲಿ ರಾಜ್ಯವಿರಲಿ, ಚೆಕ್ ಮೀಟರ್‌ನಲ್ಲಿ ಕಂಡ ವ್ಯತ್ಯಾಸವನ್ನು ಊರುವಾರು ಪ್ರತಿ ತಿಂಗಳು ಪ್ರಕಟಿಸಬೇಕು. ತಪ್ಪು ಲೆಕ್ಕ ಸಿಕ್ಕರೆ ಗುತ್ತಿಗೆದಾರರ ಆ ತಿಂಗಳ ಹಣ ತಡೆಹಿಡಿಯಬೇಕು.