ಬ್ರೇಕ್ ಬಿಡಿಭಾಗ ತರಿಸುವ ಮುನ್ನ ಅಳೆಯಬೇಕಾದದ್ದು

ಮನೆಯಲ್ಲೇ ಬ್ರೇಕ್ ಕೆಲಸಕ್ಕೆ ಕೈಹಾಕುವವರಿಗೆ ಹೆಚ್ಚಿನ ತೊಂದರೆ ಎದುರಾಗುವುದು ಬಿಡಿಭಾಗ ತರಿಸುವ ಹಂತದಲ್ಲಿಯೇ. ಕಾರಿನ ಹೆಸರು ಮತ್ತು ಅದು ತಯಾರಾದ ವರ್ಷವನ್ನು ಹೇಳಿದರೆ ಸಾಕೆಂದುಕೊಂಡು, ಚಕ್ರದೊಡನೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿದು ಕಾರನ್ನು ನಿಲ್ಲಿಸುವ ಪ್ಯಾಡ್ ತರಿಸಿರುತ್ತಾರೆ. ಚಕ್ರ ಬಿಚ್ಚಿ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿದ ಮೇಲೆ ತರಿಸಿದ ಪ್ಯಾಡ್ ಕೂರುವುದಿಲ್ಲವೆಂದು ಗೊತ್ತಾಗುತ್ತದೆ. ಒಂದೇ ಹೆಸರಿನ, ಒಂದೇ ವರ್ಷದ ಕಾರಿಗೂ ಎಂಜಿನ್ನಿನ ಶಕ್ತಿ, ಚಕ್ರದ ಗಾತ್ರ ಮತ್ತು ಕ್ಯಾಲಿಪರ್ ಪೂರೈಸಿದ ಕಂಪನಿಗೆ ಅನುಗುಣವಾಗಿ ಎರಡು ಮೂರು ಬಗೆಯ ಬ್ರೇಕ್ ಅಳವಡಿಸಿರುವುದು ತೀರಾ ಸಾಮಾನ್ಯ ಸಂಗತಿ.

ಆದ್ದರಿಂದ ಹುಡುಕಾಟ ಚಾಸಿ ಸಂಖ್ಯೆಯಿಂದ ಆರಂಭವಾಗಬೇಕು. ಇಂದಿನ ಕಾರುಗಳಲ್ಲಿ ಇದು ಅಕ್ಷರ ಮತ್ತು ಅಂಕಿಗಳು ಸೇರಿ 17 ಸ್ಥಾನಗಳದ್ದು. ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲವಾದ ಕಾರಣ, ಸೊನ್ನೆಯಂತೆ ಕಂಡದ್ದನ್ನು ಸೊನ್ನೆಯೆಂದೇ ಬರೆದುಕೊಳ್ಳಬಹುದು. ಫೋಕ್ಸ್‌ವ್ಯಾಗನ್ ಸಮೂಹದ ಅನೇಕ ಕಾರುಗಳಲ್ಲಿ ಡಿಕ್ಕಿಯೊಳಗೆ ಅಥವಾ ಸರ್ವಿಸ್ ಪುಸ್ತಕದಲ್ಲಿ ಅಂಟಿಸಿದ ಚೀಟಿಯೊಂದಿದ್ದು, ಅದರಲ್ಲಿರುವ ಮೂರು ಸ್ಥಾನಗಳ ಸಂಕೇತಗಳು ಯಾವ ಬ್ರೇಕ್ ಅಳವಡಿಸಲಾಗಿದೆ ಎಂಬುದನ್ನೂ ತಿಳಿಸುತ್ತವೆ. ಆದರೆ ಈ ದಾಖಲೆಗಳು ಹೇಳುವುದು ಕಾರು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯನ್ನು ಮಾತ್ರ. ನಡುವೆ ಯಾರಾದರೂ ಬೇರೆ ಕ್ಯಾಲಿಪರ್ ಅಥವಾ ದೊಡ್ಡ ಡಿಸ್ಕ್ ಹಾಕಿಸಿದ್ದರೆ ಅದು ಅಲ್ಲಿ ಸಿಗುವುದಿಲ್ಲ. ಹಳೆಯ ಕಾರಾಗಿದ್ದರೆ, ಏನನ್ನೂ ತರಿಸುವ ಮೊದಲು ಒಮ್ಮೆ ಚಕ್ರ ಬಿಚ್ಚಿ ಅಳತೆ ತೆಗೆದುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಡಿಸ್ಕಿನ ವಿಷಯದಲ್ಲಿ ವ್ಯಾಸ, ದಪ್ಪ, ಒಟ್ಟು ಎತ್ತರ, ನಡುವಿನ ರಂಧ್ರದ ಅಳತೆ, ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅಂತರ, ಗಾಳಿಕಿಂಡಿ ಇರುವ ಬಗೆಯೋ ಗಟ್ಟಿ ಬಗೆಯೋ ಎಂಬುದು, ಇಷ್ಟೂ ತಾಳೆಯಾಗಬೇಕು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕೊರೆದಿರುತ್ತಾರೆ. ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿದರೆ ಓದಲು ಬರುತ್ತದೆ. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ಮುಟ್ಟದ ಒಂದು ಏಣು ಉಳಿದಿರುತ್ತದೆ. ಅಳತೆಯ ಉಪಕರಣವಾದ ವರ್ನಿಯರ್ ಕ್ಯಾಲಿಪರಿನ ದವಡೆಗಳು ಆ ಏಣಿನ ಮೇಲೆ ಕೂತರೆ ಸವೆದ ಡಿಸ್ಕ್ ಕೂಡ ಹೊಸದರಂತೆ ಅಳತೆ ತೋರಿಸುತ್ತದೆ. ಮೈಕ್ರೊಮೀಟರನ್ನು ಏಣಿನಿಂದ ಒಳಕ್ಕೆ, ಪ್ಯಾಡ್ ಉಜ್ಜುವ ಜಾಗದಲ್ಲಿ ನಾಲ್ಕಾರು ಕಡೆ ಹಿಡಿದು ನೋಡಿದಾಗ ಮಾತ್ರ ನಿಜವಾದ ದಪ್ಪ ತಿಳಿಯುತ್ತದೆ. ಡ್ರಮ್ ಬಗೆಯ ಬ್ರೇಕಿನಲ್ಲಿ ಸವೆಯುವುದು ಡ್ರಮ್ಮಿನ ಒಳಮೈಯಾದ್ದರಿಂದ ಲೆಕ್ಕ ತಿರುಗುಮುರುಗು: ಅದರ ಮೇಲೆ ಕೊರೆದಿರುವುದು ಮೀರಬಾರದ ಗರಿಷ್ಠ ಒಳವ್ಯಾಸ.

ಪ್ಯಾಡಿನಲ್ಲಿ ಮೊದಲು ನೋಡಬೇಕಾದದ್ದು ಹಿಂಬದಿಯ ಉಕ್ಕಿನ ತಗಡಿನ ಆಕಾರ, ಅದರ ಕಿವಿಗಳು, ಸವೆತ ತಿಳಿಸುವ ಸೆನ್ಸರ್ ಎಲ್ಲಿದೆ ಎಂಬುದು. ಒಳಗಿನ ಮತ್ತು ಹೊರಗಿನ ಪ್ಯಾಡ್‌ಗಳು ಒಂದೇ ರೀತಿ ಇರಬೇಕೆಂದಿಲ್ಲ. ಕೆಲವು ಕಾರುಗಳಲ್ಲಿ ಎಡ ಬಲಗಳೂ ಬೇರೆ. ತಗಡಿನ ಮೇಲೆ ವೃತ್ತದೊಳಗಿನ ಇ ಅಕ್ಷರವೂ 90ಆರ್ ಎಂಬ ಅನುಮೋದನೆಯ ಗುರುತೂ ಇದ್ದರೆ, ಆ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ 15ರ ಮಿತಿ ದಾಟಿ ಹೆಚ್ಚೂಕಡಿಮೆಯಾಗುವುದಿಲ್ಲವೆಂದು ಪರೀಕ್ಷಿಸಲಾಗಿದೆ ಎಂದರ್ಥ. ಕೆಲವು ಪ್ಯಾಡ್‌ಗಳಲ್ಲಿ ಕಾಣುವ ಎರಡಕ್ಷರದ ಸಂಕೇತ ಘರ್ಷಣಾಂಕವನ್ನು, ಅಂದರೆ ಪ್ಯಾಡಿನ ಹಿಡಿತ ಎಷ್ಟೆಂಬುದನ್ನು ಸೂಚಿಸುತ್ತದೆ: ಮೊದಲನೆಯದು ಸಾಮಾನ್ಯ ತಾಪದಲ್ಲಿ, ಎರಡನೆಯದು ಬಿಸಿಯಾದಾಗ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಹೆಚ್ಚು ಇದ್ದಷ್ಟೂ ಒಳ್ಳೆಯದೆಂದು ಭಾವಿಸಿ ಹಿಂದಿನ ಚಕ್ರಗಳಿಗೆ ಮೂಲಕ್ಕಿಂತ ಹೆಚ್ಚು ಹಿಡಿತದ ಪ್ಯಾಡ್ ಹಾಕುವುದು ಅಪಾಯಕಾರಿ, ಏಕೆಂದರೆ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲೇ ಕಚ್ಚಿಕೊಂಡರೆ ಕಾರು ಸುತ್ತಿಬಿಡಬಹುದು. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಒಂದು ಆಕ್ಸಲ್ಲಿನ ಎರಡೂ ಬದಿಗೆ ಜೋಡಿಯಾಗಿಯೇ ತರಿಸಬೇಕು.

ಹೋಸ್ ಮತ್ತು ಪೈಪುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬ್ರೇಕ್ ಪೈಪಿನ ನಟ್ಟುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಎರಡು ಅಳತೆಗಳು, 10 ಮಿಲಿಮೀಟರ್ ವ್ಯಾಸಕ್ಕೆ 1 ಮಿಲಿಮೀಟರ್ ಅಂತರದ ಮರೆಯದ್ದು (ಮರೆ ಎಂದರೆ ತಿರುಪಿನ ಥ್ರೆಡ್) ಹಾಗೂ 3/8 ಇಂಚು ವ್ಯಾಸಕ್ಕೆ ಇಂಚಿಗೆ 24 ಮರೆಯದ್ದು, ಕಣ್ಣಿಗೆ ಒಂದೇ ಎನಿಸುತ್ತವೆ. ಎರಡನೆಯದರ ವ್ಯಾಸ ಸುಮಾರು 9.5 ಮಿಲಿಮೀಟರ್ ಮಾತ್ರ ಇರುವುದರಿಂದ ಅದನ್ನು ಮೊದಲನೆಯದರ ತೂತಿಗೆ ಹಾಕಿದರೆ ಕೆಲವು ಸುತ್ತು ಸಡಿಲವಾಗಿಯೇ ಏರುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗಿನ ಒತ್ತಡ 100 ಬಾರ್‌ನ ಆಸುಪಾಸು ತಲುಪಬಹುದಾದ್ದರಿಂದ, ಆ ಕ್ಷಣದಲ್ಲೇ ಮರೆ ಕಿತ್ತುಹೋಗುತ್ತದೆ. ಮರೆಯನ್ನು ಗೇಜಿನಿಂದ ಅಳೆದೇ ತರಿಸಿ, ಪೈಪಿನ ತುದಿ ಮಡಿಚಿದ ಬಗೆಯದೋ ಗುಳ್ಳೆಯಂತೆ ಉಬ್ಬಿದ ಬಗೆಯದೋ ಎಂಬುದನ್ನೂ ಗುರುತಿಸಿಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಸೋರದೆ ಕೂರುವುದಿಲ್ಲ.

ಕ್ಯಾಲಿಪರ್ ಬದಲಿಸುವುದಾದರೆ ಗಾಳಿ ಬಿಡುವ ನಿಪ್ಪಲ್ ಮೇಲ್ಭಾಗದಲ್ಲಿ ಬರುವಂತಿದೆಯೇ ನೋಡಿ. ಕೆಳಕ್ಕೆ ಬಂದರೆ ಅದು ಎದುರು ಬದಿಯ ಕ್ಯಾಲಿಪರ್. ಎಷ್ಟು ಪಂಪ್ ಮಾಡಿದರೂ ಒಳಗಿನ ಗಾಳಿ ಹೊರಬರುವುದಿಲ್ಲ.

ಬ್ರೇಕ್ ಆಯಿಲ್ಲಿಗೆ ಸಂಬಂಧಿಸಿ, ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ದರ್ಜೆಯೇ ಪ್ರಮಾಣ. ಡಾಟ್ 3, ಡಾಟ್ 4 ಮತ್ತು ಡಾಟ್ 5.1 ಗ್ಲೈಕಾಲ್ ಆಧಾರಿತ. ಡಾಟ್ 5 ಸಿಲಿಕೋನ್ ಆಧಾರಿತವಾದ್ದರಿಂದ ಅವುಗಳೊಡನೆ ಬೆರೆಸಲೇಬಾರದು. ಗ್ಲೈಕಾಲ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ: ಡಾಟ್ 4ರ ಕುದಿಯುವ ಬಿಂದುವಿನ ಕನಿಷ್ಠ ಮಿತಿ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಸ್ಥಿತಿಗೆ 155 ಡಿಗ್ರಿ. ಹಾಗಾಗಿ ಸೀಲ್ ಒಡೆಯದ ಸಣ್ಣ ಬಾಟಲಿಯನ್ನೇ ಕೊಳ್ಳಬೇಕು.

ಹೊಸ ಭಾಗ ಕೈಸೇರಿದ ಮೇಲೆ, ಜೋಡಿಸುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ತೂತು, ಕಿವಿ, ದಪ್ಪ, ಎತ್ತರಗಳನ್ನು ಒಂದೊಂದಾಗಿ ಹೋಲಿಸಿ. ಪ್ಯಾಡಿನ ಕಿವಿ ಬಿಗಿಯಾಯಿತೆಂದರೆ ಬ್ರಾಕೆಟ್ಟಿನ ತುಕ್ಕು ಕೆರೆದು, ಕ್ಲಿಪ್ಪುಗಳನ್ನು ಹೊಸದಾಗಿ ಹಾಕಿ ಮತ್ತೆ ನೋಡಿ. ಆಗಲೂ ಕೂರದಿದ್ದರೆ ಅರದಿಂದ ಉಜ್ಜಿ ಕೂರಿಸುವ ಪ್ರಯತ್ನ ಬೇಡ, ಅದು ಆ ಕಾರಿನ ಪ್ಯಾಡ್ ಅಲ್ಲ. ಜೋಡಿಸಿದ ಗುರುತು ಬಿದ್ದ ಭಾಗವನ್ನು ಮಾರಾಟಗಾರರು ಹಿಂದಕ್ಕೆ ಪಡೆಯಲು ಹಿಂಜರಿಯುವುದರಿಂದ, ಹೋಲಿಕೆ ಮುಗಿಯುವವರೆಗೆ ಪ್ಯಾಡಿಗೆ ಗ್ರೀಸ್ ಕೂಡ ತಾಗಿಸಬೇಡಿ.